ಹಗ್ಗದ ಸರ್

ಅವರ ಅಂಗೈಗಳಲ್ಲಿ ರೇಖೆಗಳೇ ಇರಲಿಲ್ಲ. ಸೈನ್ಯದಲ್ಲಿದ್ದಾಗ ಯಾವುದೋ ಬೆಟ್ಟದಲ್ಲಿ ಜಾರಿದ ಜೊತೆಗಾರನ ಹಗ್ಗವನ್ನು ಬರಿಗೈಯಲ್ಲಿ ಹಿಡಿದು ನಿಲ್ಲಿಸಿದ್ದರಂತೆ. ಚರ್ಮ ಸುಲಿದುಹೋಗಿ, ಮತ್ತೆ ಬೆಳೆದದ್ದು ನುಣ್ಣಗೆ, ಕೆಂಪಗೆ ಹೊಳೆಯುತ್ತಿತ್ತು. ಚಹಾದ ಲೋಟ ಎಷ್ಟು ಸುಡುತ್ತಿದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಾವು ಅಂಗಿಯ ಅಂಚಿನಲ್ಲಿ ಲೋಟ ಹಿಡಿದು ಒದ್ದಾಡುವುದನ್ನು ನೋಡಿ ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ಶಿರಸಿಯಲ್ಲಿ ಕಾಲೇಜು ಹುಡುಗರು ಕೆಮ್ಮಿಲ್ಲದೆಯೂ ಕೆಮ್ಮಿನ ಔಷಧಿ ಕುಡಿಯುತ್ತಿದ್ದ ಕಾಲ. ಇಡೀ ಬಾಟಲಿ ಒಮ್ಮೆಲೇ ಕುಡಿದು, ಮೇಲೊಂದು ಸಿಹಿ ಚಹಾ. ಗಾಂಜಾ ಸೇದಿದರೆ ವಾಸನೆಗೆ ಸಿಕ್ಕಿಬೀಳುತ್ತಾರೆ. ಇದಕ್ಕೆ ಆ ಭಯವೂ ಇಲ್ಲ, ಮರ್ಯಾದಸ್ಥರ ಮನೆಯ ಮಕ್ಕಳಿಗೆ ಹೇಳಿ ಮಾಡಿಸಿದ ಚಟ. ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಆದರೆ ಪಕ್ಕದ ಮನೆಯ ಹುಡುಗನ ವಿಷಯ ಮಾತ್ರ. ಹಿರಿಯರು ಸೇರಿ ಒಂದು ಸಮಿತಿ ಮಾಡಿದರು. ವಕೀಲರಾಗಿದ್ದ ನನ್ನ ಅಪ್ಪನೇ ಅಧ್ಯಕ್ಷ. ಭಾಷಣ ಮಾಡಿಸಿದರು, ಪ್ರತಿಜ್ಞೆ ಮಾಡಿಸಿದರು. ಪ್ರತಿಜ್ಞೆ ಮುಗಿಸಿ ನಾನು ನೆಟ್ಟಗೆ ಔಷಧಿ ಅಂಗಡಿಗೆ ಹೋದೆ.

ಆಗ ಬಂದವರು ಈ ಸರ್. ಹಾವೇರಿ ಕಡೆಯವರು, ಸೈನ್ಯದಿಂದ ನಿವೃತ್ತರಾಗಿ ನಮ್ಮ ಊರಿನ ಒಂದು ಕಾಲೇಜಿನಲ್ಲಿ ಆಟೋಟ ಕಲಿಸುತ್ತಿದ್ದರು. ಸಮಿತಿಯ ಸಭೆಯಲ್ಲಿ ಎದ್ದುನಿಂತು, "ಹುಡುಗ್ರಿಗೆ ಭಾಷಣ ಸಾಕ್ರೀ. ಭಾನುವಾರ ನನ್ನ ಕಡೆ ಕಳಸ್ರಿ, ಹಗ್ಗ ಕಟ್ಟಿ ಗುಡ್ಡ ಹತ್ತಸ್ತೀನಿ. ಹತ್ತು ಮಾರು ಮ್ಯಾಲ ನಿಂತವಗ ಬ್ಯಾರೆ ನಶೆ ಬೇಕಾಗಂಗಿಲ್ಲ" ಎಂದರು.

ಸಿದ್ದಾಪುರದ ದಾರಿಯಲ್ಲಿ, ಕಾಡಿನ ಅಂಚಿಗೆ ಒಂದು ಕಡಿದಾದ ಬಂಡೆ. ಒಬ್ಬ ಹತ್ತುವವನು, ಒಬ್ಬ ಕೆಳಗೆ ಹಗ್ಗ ಹಿಡಿಯುವವನು. ಹತ್ತುವವನ ಸೊಂಟದಿಂದ ಹೊರಟ ಹಗ್ಗ ಬಂಡೆಯ ನೆತ್ತಿಯ ಕೊಂಡಿ ದಾಟಿ ಕೆಳಗಿನವನ ಕೈಗೆ ಬರುತ್ತಿತ್ತು. ಮೇಲಿನವನು ಜಾರಿದರೆ ಅವನ ಜೀವ ಕೆಳಗಿನವನ ಮುಷ್ಟಿಯಲ್ಲಿ. ಅದಕ್ಕೇ ಅವರದೊಂದು ನಿಯಮ. ಬೆಳಿಗ್ಗೆ ಹಗ್ಗ ಮುಟ್ಟುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳುತ್ತಿದ್ದರು. ನಶೆ ಮಾಡಿದವನು "ಇವತ್ತು ಬೇಡ ಸರ್" ಎಂದರೆ ಸಾಕು. ಯಾಕೆ ಎಂದು ಕೇಳುವಂತಿಲ್ಲ, ಯಾರೂ ನಗುವಂತಿಲ್ಲ. ಅವನು ಹೋಗಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಬೇಕು, ಅಷ್ಟೇ. ಒಂದು ಭಾನುವಾರ ಅವರೇ ಸಾಲಿಗೆ ಬಂದು ನಿಂತು, "ನಿನ್ನೆ ಕುಡದೇನಿ. ಇವತ್ತ ನನಗ ಬ್ಯಾಡ" ಎಂದು ಈಳಿಗೆಮಣೆಯ ಮುಂದೆ ಕುಳಿತುಬಿಟ್ಟರು. ಅಂದು ಯಾರೂ ಬಂಡೆ ಹತ್ತಲಿಲ್ಲ. ನಾನು ಅವರನ್ನು ಮನಸಾರೆ ಪ್ರೀತಿಸಲು ಶುರುಮಾಡಿದ್ದು ಆ ದಿನ. ನಾನೂ ಎಷ್ಟೋ ಈರುಳ್ಳಿ ಹೆಚ್ಚಿದೆ. ಬರಬರುತ್ತಾ ಹೆಚ್ಚುವುದು ಕಡಿಮೆಯಾಯಿತು.

ನನ್ನ ಜೋಡಿ ರಫೀಕ್. ಯಲ್ಲಾಪುರದ ಲಾರಿ ಡ್ರೈವರ್ ಒಬ್ಬರ ಮಗ, ಶಿರಸಿಯಲ್ಲಿ ಓದುತ್ತಿದ್ದ. ಗಾಂಜಾ ಬಿಟ್ಟು ಆರು ತಿಂಗಳಾಗಿತ್ತು. ಅವನು ಹತ್ತುತ್ತಿದ್ದ, ನಾನು ಹಗ್ಗ ಹಿಡಿಯುತ್ತಿದ್ದೆ.

ಈ ಭಾನುವಾರದ ಶಿಬಿರಕ್ಕೆ ವರ್ಷ ತುಂಬಿದಾಗ ಅಪ್ಪನಿಗೆ ಪ್ರದರ್ಶನದ ಹುಕಿ ಹತ್ತಿತು. ಬಂಡೆಯ ಬುಡದಲ್ಲಿ ಶಾಮಿಯಾನ, ಕುರ್ಚಿ, ಪೋಷಕರು, ಅಧಿಕಾರಿಗಳು. ಸರ್ ಬೇಡವೆಂದರು, ಅಪ್ಪ ಕೇಳಬೇಕಲ್ಲ! ಹಿಂದಿನ ದಿನವೇ ನನಗೆ ಪುಕುಪುಕು. ಬೆಳಿಗ್ಗೆ ಧೈರ್ಯಕ್ಕೆಂದು ಒಂದು ಬಾಟಲಿ ಏರಿಸಿದೆ. ಸಾಲಿನಲ್ಲಿ ನಿಂತಾಗ ಸರ್ ಎಂದಿನಂತೆ ಕೇಳಿದರು. ಎದುರಿನ ಕುರ್ಚಿಯಲ್ಲಿ ಅಪ್ಪ ಪಕ್ಕದವರಿಗೆ ನನ್ನನ್ನೇ ತೋರಿಸಿ ಏನೋ ಹೇಳುತ್ತಿದ್ದರು. ನಮ್ಮವರಲ್ಲಿ ಪ್ರಾಣ ಹೋದರೂ ಸರಿ, ನಾಲ್ಕು ಜನರ ಮುಂದೆ ಅಪ್ಪನ ತಲೆ ತಗ್ಗಬಾರದು. ನಾನು, "ಸರಿ ಇದ್ದೇನೆ ಸರ್" ಎಂದೆ.

ರಫೀಕ್ ಮುಕ್ಕಾಲು ಬಂಡೆ ಹತ್ತಿ ಜಾರಿದ. ನನ್ನ ಕೈ ತಡವಾಗಿ ಮುಚ್ಚಿತು, ಅಷ್ಟರಲ್ಲಿ ಅವನು ನೆಲಕ್ಕೆ ಬಿದ್ದಿದ್ದ. ಎಲ್ಲರ ಕಣ್ಣೂ ಅವನ ಮೇಲಿತ್ತು. ನನ್ನ ಕೈಯನ್ನು ನೋಡಿದವರು ಸರ್ ಒಬ್ಬರೇ. ಓಡಿಬಂದು ಅವನನ್ನು ಎತ್ತಿಕೊಂಡರು. ಅವನ ಬಲತೊಡೆ ಎರಡು ಕಡೆ ಮುರಿದಿತ್ತು. ಏನಾಯಿತು, ಹೇಗಾಯಿತು ಎಂದು ಜನ ಮುತ್ತಿಕೊಂಡಾಗ, "ಗಂಟು ಹಾಕಿದಾವ ನಾನು. ತಪ್ಪು ನಂದು" ಎಂದುಬಿಟ್ಟರು.

ಸಂಜೆ, ಶಿರಸಿ ಪಕ್ಕದ ಇಸಳೂರಿನ ನಮ್ಮ ಮನೆಯಲ್ಲಿ, ನನ್ನ ಪ್ಯಾಂಟಿನ ಜೇಬಿನಿಂದ ಬಾಟಲಿ ತೆಗೆದು ಅಪ್ಪ ಮೇಜಿನ ಮೇಲಿಟ್ಟರು.

"ತಮಾ, ಎಂತದೂ ಮಾತಾಡಡ. ನಮ್ಮನೆ ಹೆಸರು ಹೊರಗೆ ಬಪ್ಪಲಾಗ."

"ಆದ್ರೆ ಸರ್‌ದು ತಪ್ಪಿಲ್ಲೆ, ಅಪ್ಪಾ."

"ಅಂವನೇ ತಪ್ಪು ಒಪ್ಕಂಜ್ನಲ, ಮತ್ತೆ ನಿಂಗೆಂತಕ್ಕೆ?"

ಎರಡೇ ದಿನದಲ್ಲಿ ಸಮಿತಿ ಸೇರಿತು. ಶಿಬಿರ ಬಂದ್. ನಿರ್ಲಕ್ಷ್ಯದಿಂದ ಹುಡುಗರ ಪ್ರಾಣದೊಡನೆ ಆಡಿದ ಮನುಷ್ಯ ಎಂದು ಠರಾವು. ಕೆಳಗೆ ಅಪ್ಪನ ದುಂಡನೆಯ ಸಹಿ. ಥೂ! ಆ ಸಹಿಯನ್ನು ಬೈಯಲು ನನಗೇನು ಯೋಗ್ಯತೆ? ನಾನೂ ಬಾಯಿ ಮುಚ್ಚಿಕೊಂಡೆ. ಕಾಲೇಜಿನ ಕೆಲಸವೂ ಹೋಗಿ ಸರ್ ಯಲ್ಲಾಪುರದ ಒಂದು ಮರದ ಮಿಲ್ಲಿಗೆ ಕಾವಲುಗಾರರಾಗಿ ಸೇರಿದರು.

ಅಂದಿನಿಂದ ನಾನು ಬಾಟಲಿ ಮುಟ್ಟಿಲ್ಲ. ಮೂರ್ನಾಲ್ಕು ವರ್ಷದ ಮೇಲೆ ಅವರನ್ನು ಹುಡುಕಿಕೊಂಡು ಹೋದೆ. ಮರದ ದಿಮ್ಮಿಯ ಮೇಲೆ ಕೂರಿಸಿ ಚಹಾ ತರಿಸಿದರು. ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ.

"ಒಬ್ಬನ ಕಾಲು ಹೋತು. ನಿನ್ನ ಹೆಸರು ಹೇಳಿದ್ರ ನೀನೂ ಹೋಗ್ತಿದ್ದಿ," ಎಂದರು. ಚಹಾದ ಲೋಟ ಕೆಳಗಿಟ್ಟರು. "ಆದ್ರ ನೀನಾಗೇ ಹೇಳ್ತಿ ಅಂತ ಭಾಳ ದಿನಾ ದಾರಿ ನೋಡಿದೆ. ಊರಿಗೆ ಬ್ಯಾಡ ಬಿಡು. ರಫೀಕಗಾದ್ರೂ ಹೇಳು. ಅಂವ ನನ್ನ ಮಾರಿ ನೋಡೂದಿಲ್ಲ."

ರಫೀಕ್ ಅಲ್ಲೇ ಯಲ್ಲಾಪುರದಲ್ಲಿ, ಹೆದ್ದಾರಿಯ ಮೇಲೆ ಟಯರ್ ಪಂಕ್ಚರ್ ಅಂಗಡಿ ಇಟ್ಟಿದ್ದ. ಆ ಕಾಲಿನಲ್ಲಿ ಲಾರಿ ಓಡಿಸುವ ಆಸೆ ಬಿಟ್ಟಿದ್ದ. "ಇವತ್ತೇ ಹೇಳ್ತೇನೆ ಸರ್" ಎಂದು ಎದ್ದೆ. ಅಂಗಡಿಯವರೆಗೂ ಹೋದೆ. ಅವನು ಕುಂಟುತ್ತಾ ಎದ್ದುಬಂದು ತಬ್ಬಿಕೊಂಡ, ಮೀನೂಟಕ್ಕೆ ಕರೆದ. ನಾನು ಮೀನು ತಿನ್ನುವುದಿಲ್ಲ ಎಂದು ಅವನಿಗೇ ನೆನಪಾಗಿ ನಕ್ಕ. ಹೇಳಲಾಗಲಿಲ್ಲ. ಶಿರಸಿ ಬಸ್ಸು ಹತ್ತಿ ಮನೆಗೆ ಬಂದೆ. ಆಮೇಲೆ ಸರ್ ಬಳಿಗೆ ಹೋಗುವ ಮುಖವೂ ಉಳಿಯಲಿಲ್ಲ.

ಇನ್ನೂ ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡದ್ದು ಎದೆನೋವಿನಿಂದ, ಮಿಲ್ಲಿನ ಗೇಟಿನಲ್ಲೇ. ಮಣ್ಣಿಗೆ ಎಂಟು ಹತ್ತು ಜನ ಬಂದಿದ್ದರು. ಸಮಿತಿಯ ಒಬ್ಬನೂ ಇರಲಿಲ್ಲ. ರಫೀಕನೂ ಇರಲಿಲ್ಲ. ಅಲ್ಲಿಂದ ನೇರ ಅವನ ಅಂಗಡಿಗೆ ನಡೆದೆ.

"ಹೋದ್ರಂತಲ್ಲ," ಎಂದ ಅವನು, ಟ್ಯೂಬಿಗೆ ಗಾಳಿ ಹೊಡೆಯುತ್ತಾ. "ಇರ್ಲಿ. ಸತ್ತವ್ರ ಮೇಲೆ ಎಂತ ಸಿಟ್ಟು. ಮಾಫ್ ಮಾಡ್ದೆ."

"ಅವರದ್ದು ತಪ್ಪಲ್ಲ ರಫೀಕ್. ಗಂಟು ಸರಿಯಾಗೇ ಇತ್ತು. ಅವತ್ತು ನಾನು ಔಷಧಿ ಕುಡಿದಿದ್ದೆ. ಹಗ್ಗ ಬಿಟ್ಟವನು ನಾನು."

ಅವನು ಗಾಳಿ ಹೊಡೆಯುವುದನ್ನು ನಿಲ್ಲಿಸಿದ. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

"ದಿನಾ ಇದೇ ದಾರೀಲಿ ಹೋಗ್ತಿದ್ರು," ಎಂದ. "ದಿನಾ ನಿಂತು, 'ರಫೀಕ್, ಆರಾಮೇನಪಾ?' ಅಂತಿದ್ರು. ಇಷ್ಟು ವರ್ಷ. ಒಂದಿನ ತಲೆ ಎತ್ತಿ ನೋಡ್ಲಿಲ್ಲ ನಾನು."