ಕಾಯಿನೀರಿನ ತೊಗಲು

ಮೇಡಂ ಬೆರಳ ತುದಿಗಳು ಯಾವಾಗಲೂ ನೀರಲ್ಲಿ ನೆನೆದಂತೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹತ್ತಿರ ಬಂದರೆ ಹುಳಿ ವಾಸನೆ. ಹೊಸದುರ್ಗದ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದರು. ನಾನು ಬಸ್ ಸ್ಟ್ಯಾಂಡ್ ಎದುರು ಚರ್ಮದ ಬ್ಯಾಗು ಹೊಲಿಯುತ್ತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಕಂದು ಹಾಳೆಯೊಂದನ್ನು ನನ್ನ ಮುಂದೆ ಹಾಸಿ, "ಭಾಯ್, ಇದನ್ನ ಹೊಲಿಯಾಕಾಗ್ತೈತಾ ನೋಡ್ರಿ" ಅಂದರು.

ಕಾಯಿಪುಡಿ ಮಿಲ್ಲಿನವರು ಚೆಲ್ಲುವ ತೆಂಗಿನ ನೀರಿಗೆ ಸಕ್ಕರೆ ಬೆರೆಸಿ, ಹೆಪ್ಪು ಹಾಕಿ, ಎರಡು ವಾರ ಟ್ರೇಗಳಲ್ಲಿ ಅಲುಗಿಸದೆ ಇಟ್ಟರೆ ಕಣ್ಣಿಗೆ ಕಾಣದ ಜೀವಿಗಳು ದಪ್ಪ ಕೆನೆ ಕಟ್ಟುತ್ತವಂತೆ. ಅದನ್ನು ತೊಳೆದು ಒಣಗಿಸಿದರೆ ಈ ತೊಗಲು. ಬಿಸಾಡಿದರೆ ಮಣ್ಣಾಗುತ್ತದೆ.

ಮೊದಲ ಹಾಳೆ ಸೂಜಿ ಚುಚ್ಚಿದಲ್ಲೆಲ್ಲ ಹಪ್ಪಳದಂತೆ ಮುರಿಯಿತು. ಗ್ಲಿಸರಿನ್ ಸವರಿದ್ದು ಮೆತ್ತಗಾಯಿತು, ಆದರೆ ಮಳೆಹನಿ ಬಿದ್ದೊಡನೆ ಉಬ್ಬಿ ಲೋಳೆಯಾಯಿತು. ಒಂದರಂತೆ ಇನ್ನೊಂದು ಬರುತ್ತಿರಲಿಲ್ಲ. ಮೂರು ವರ್ಷ ಮೇಡಂ ಕಾಲೇಜಿನ ಲ್ಯಾಬಿನಲ್ಲಿ ಟ್ರೇ ಇಡುವುದನ್ನು ಬಿಡಲಿಲ್ಲ.

ಚಿತ್ರದುರ್ಗದ ವ್ಯಾಪಾರಿಯೊಬ್ಬ ನನ್ನ ಅಂಗಡಿಯಲ್ಲೇ ಕುಳಿತು, "ಮೇಲೆ ಪ್ಲಾಸ್ಟಿಕ್ ಬಳಿಯಾಣ ಮೇಡಂ, ತೆಂಗಿನ ಚರ್ಮ ಅಂತ ಮಾರಾಣ. ಯಾರಿಗೆ ಗೊತ್ತಾಗ್ತೈತೆ?" ಅಂದ.

"ನನಗೆ ಗೊತ್ತಿರ್ತೈತಲ್ರಿ. ಮೊದ್ಲು ಎದ್ದೇಳ್ರಿ ಇಲ್ಲಿಂದ."

ಆಮೇಲೆ ಕಾಲೇಜಿಗೆ ತಪಾಸಣೆ ಬಂತು. ಮೇಡಂ ತಾಯಿಗೆ ಹುಷಾರಿಲ್ಲವೆಂದು ಹಿರಿಯೂರಿಗೆ ಹೋಗಿದ್ದರು. ಪ್ರಿನ್ಸಿಪಾಲರು, ಲ್ಯಾಬು ನಾರುತ್ತದೆಂದು, ಅಷ್ಟೂ ಟ್ರೇಗಳನ್ನು ಚರಂಡಿಗೆ ಸುರಿಸಿ ಫಿನೈಲ್ ಹಾಕಿ ತೊಳೆಸಿದರು. ಒಂದು ಮಾತು ಕೇಳಲಿಲ್ಲ. ಬಂದ ಅಧಿಕಾರಿಗಳು ಆ ಕೋಣೆಗೆ ಕಾಲೂ ಇಡಲಿಲ್ಲ! ಮೇಡಂ ಬಂದು ವಿಚಾರಿಸಿದರೆ, "ಹೌದ್ರಿ, ನಾನೇ ಸುರಿಸಿದ್ದು. ಏನೀಗ?" ಅಂದರಂತೆ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಜಗಳಕ್ಕೆ ಹೊರಟೆ. ಮೇಡಂ ತಡೆದರು. "ಬಿಡ್ರಿ ಭಾಯ್. ನಿಮ್ಮನೇಲಿ ಒಂದು ಬಾಟ್ಲಿ ಹೆಪ್ಪು ಇಡಿಸಿದ್ನಲ್ಲ, ಅದು ಐತಲ್ಲ? ಮತ್ತೆ ಬೆಳೆಸಾಣ."

ಆ ಬಾಟ್ಲಿಯನ್ನು ಹಿಂದಿನ ತಿಂಗಳೇ, ಮನೆ ನಾರುತ್ತದೆಂದು, ನಾನೇ ಬಚ್ಚಲಿಗೆ ಸುರಿದಿದ್ದೆ. ಅವರ ಮುಖ ನೋಡಲಾಗಲಿಲ್ಲ.

"ಅದು ತಾನಾಗೇ ಕೆಟ್ಟೋತು ಮೇಡಂ."

"ಹೌದಾ?" ಅಂದವರು ಚೀಲ ಹೆಗಲಿಗೇರಿಸಿದರು. "ಹಂಗಾರೆ ಇದು ಬಾಳೋ ಜಾತಿ ಅಲ್ಲ ಬಿಡ್ರಿ."

ಮತ್ತೆ ಅವರು ಟ್ರೇ ಇಡಲಿಲ್ಲ. ಹೊಳಲ್ಕೆರೆಗೆ ವರ್ಗವಾಗಿ, ಕೆಲವು ವರ್ಷಕ್ಕೆ ಅಲ್ಲೇ ತೀರಿಕೊಂಡರು. ನಾನು ಮಣ್ಣಿಗೆ ಹೋದರೆ, ಆ ಪ್ರಿನ್ಸಿಪಾಲರೂ ಹಾರ ಹಿಡಿದು ನಿಂತಿದ್ದರು. ನಾಲ್ಕು ಜನರ ಎದುರೇ ಬಯ್ಯಬೇಕೆಂದು ಹತ್ತಿರದವರೆಗೂ ಹೋದೆ. ಬಾಯಿ ಬರಲಿಲ್ಲ. 'ನಾನೇ ಸುರಿಸಿದ್ದು' ಎಂದು ಅವರಾದರೂ ಮೇಡಂ ಮುಖಕ್ಕೆ ಹೇಳಿದ್ದರು.