ಕೊನೆಯ ಹಾಡಿಗೆ ಮೊದಲೇ ಮುಳ್ಳೆತ್ತುವಾಕೆ

ಬೆಳಗಿನ ನಾಲ್ಕೂಮುಕ್ಕಾಲು. ಬಂದರು ಊರಾದ ಮಾಸಾನಿನ ಮೀನುಪೇಟೆಯಲ್ಲಿ ಮಂಜುಗಡ್ಡೆ ಒಡೆಯುವ ಸದ್ದು ಆಗಲೇ ಶುರುವಾಗಿದೆ. ಮಾಳಿಗೆ ಮೇಲಿನ ಗೂಡಿನಂಥ ಕೋಣೆಯಲ್ಲಿ ಅರವತ್ತನಾಲ್ಕರ ತಾಕ್ ಮಲ್ಸುನ್ ಮೈಕಿಗೆ ಬಾಯಿಟ್ಟು ಗದರುತ್ತಾರೆ: "ನೀಲಿ ಟ್ರಕ್ಕಿನವ್ರೇ, ಗಾಡಿ ತೆಗೀರಿ! ತೆಗೆಯೋವರೆಗೂ ಹಾಡಿಲ್ಲ."

ಟ್ರಕ್ಕು ಸರಿಯುತ್ತದೆ. ರೆಕಾರ್ಡಿನ ಮೇಲೆ ಮುಳ್ಳು ಇಳಿಯುತ್ತದೆ. ಎಂಬತ್ತರ ದಶಕದ ಗಾಯಕಿ ಮಾ ರಾನ್‌ಹೀ ದನಿ ಪೇಟೆಯ ಹದಿನಾರು ಸ್ಪೀಕರುಗಳಲ್ಲಿ ಹೊಮ್ಮುತ್ತದೆ.

ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ಎರಡು ಗಂಟೆ ಹಾಡು, ನಡುನಡುವೆ ಕಳೆದುಹೋದ ಪರ್ಸು, ಕೀಲಿಕೈಗಳ ಸುದ್ದಿ. ಆಮೇಲೆ ಕೆಳಗಿಳಿದು ಮಧ್ಯಾಹ್ನದವರೆಗೆ ಮೀನು ಹಸನು ಮಾಡುವುದು. ಗಂಡ ತೀರಿಕೊಂಡ ಮೇಲೆ ಮಗಳನ್ನು ಓದಿಸಿದ್ದು ಈ ಎರಡು ಕೆಲಸಗಳೇ.

ಹದಿನೇಳಕ್ಕೆ ಹಳ್ಳಿ ಬಿಟ್ಟು ಬಂದಾಗ ಸಿಕ್ಕಿದ್ದು ಹಾಡು ಹಾಕುವ ಚಹಾದಂಗಡಿಯಲ್ಲಿ ಲೋಟ ತೊಳೆಯುವ ಕೆಲಸ. ಗಿರಾಕಿಗಳು ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು, ರೆಕಾರ್ಡು ಹಾಕುವವನು ಕೂರುವ ಗಾಜಿನ ಕೋಣೆಯೊಳಗೆ ತೂರುತ್ತಿದ್ದರು. ಒಂದು ಸಂಜೆ ಸಾಕ್ಷಾತ್ ಮಾ ರಾನ್‌ಹೀಯೇ ಬಂದು ಕೂತಳಂತೆ. "ನಾನು ತೊಳೆದ ಲೋಟದಲ್ಲೇ ಕುಡಿದ್ಲು ಕಣ್ರೀ! ಆ ಲೋಟನ ಮೂರು ದಿನ ನೀರಿಗೆ ಹಾಕ್ಲಿಲ್ಲ. ಯಜಮಾನ್ರ ಹತ್ರ ಚೆನ್ನಾಗಿ ಬೈಸ್ಕೊಂಡೆ." ಹೇಳುವಾಗ ಮುಖ ಈಗಲೂ ಕೆಂಪಾಗುತ್ತದೆ.

ಆ ಕಾಲದ ರೆಕಾರ್ಡುಗಳಿಗೆ ಒಂದು ಪೀಡೆ ಅಂಟಿಕೊಂಡಿತ್ತು. ಕೊನೆಗೊಂದು ಸರ್ಕಾರಿ 'ಸದ್ವಿಚಾರದ ಹಾಡು' ಇರಲೇಬೇಕಿತ್ತು. ವಿರಹದ ಹಾಡು ಕೇಳಿ ಕಣ್ಣು ತುಂಬಿಕೊಂಡವರ ಕಿವಿಗೆ ಇದ್ದಕ್ಕಿದ್ದಂತೆ ಕವಾಯತಿನ ಬ್ಯಾಂಡು! ಅದಕ್ಕೇ ಹಾಡು ಮುಗಿಯುತ್ತಿದ್ದಂತೆ ಮುಳ್ಳೆತ್ತುವುದು ಎಲ್ಲರಿಗೂ ರೂಢಿಯಾಗಿತ್ತು.

ಇದು ಗೊತ್ತಿಲ್ಲದೆ ಎಡವಿದವರು ಪೇಟೆ ಸಂಘದ ಹೊಸ ಅಧ್ಯಕ್ಷ ಪ್ಯೋ ಜೊಂಗ್‌ಗು. ವಯಸ್ಸು ಮೂವತ್ತೆಂಟು. ಹೋದ ತಿಂಗಳು, ತಾನೇ ಹಾಡು ಹಾಕುವ ಕಂಪ್ಯೂಟರ್ ತಂದಿಟ್ಟು, "ಅಮ್ಮ, ಇನ್ನು ನೀವು ಆರಾಮಾಗಿರಿ. ಒಂದು ವಾರ ಇದು ಸರಿಹೋದ್ರೆ ಕೋಣೆಗೆ ಬೀಗ" ಎಂದರು. ಮಲ್ಸುನ್‌ಗೆ ಅನ್ನ ಸೇರಲಿಲ್ಲ. ಎರಡು ದಿನ ಎಲ್ಲ ಸುಸೂತ್ರ. ಮೂರನೆಯ ದಿನ ಕಂಪ್ಯೂಟರು ತನ್ನೊಳಗೆ ತುಂಬಿಸಿದ್ದ ಮಾ ರಾನ್‌ಹೀ ರೆಕಾರ್ಡನ್ನು ಮೊದಲಿಂದ ಕೊನೆಯವರೆಗೂ ನುಡಿಸತೊಡಗಿತು. ಹೆಂಗಸರು ಮೀನು ಕೊಯ್ಯುತ್ತಾ ಗುನುಗಿದರು, ಸಿಂಪಿ ಮಾರುವ ಬೊಂಗ್‌ನಿಮ್ ಮೂಗು ಒರೆಸಿಕೊಂಡಳು. ವಿರಹಗೀತೆ ಮುಗಿದದ್ದೇ ತಡ, ಢಂ ಢಂ ಢಂ, ಹದಿನಾರು ಸ್ಪೀಕರಿನಲ್ಲೂ ಕವಾಯತು!

"ಅಯ್ಯೋ, ಮುಳ್ಳೆತ್ರೋ!" ಬೊಂಗ್‌ನಿಮ್ ಕಿರುಚಿದಳು. ಇಡೀ ಪೇಟೆ ಕೂಗಿತು: "ಎತ್ರೋ, ಎತ್ರೋ!"

"ಯಾವ ಮುಳ್ಳು? ಮೀನಿನ ಮುಳ್ಳಾ?" ಅಧ್ಯಕ್ಷರು ಕಂಗಾಲಾದರು.

"ನಿನ್ ತಲೆ! ಮಲ್ಸುನಕ್ಕಾ, ಓಡೇ!" ಬೊಂಗ್‌ನಿಮ್ ಮತ್ತೆ ಕೂಗಿದಳು.

ಮಲ್ಸುನ್ ರಬ್ಬರ್ ಬೂಟಿನಲ್ಲೇ ಮೆಟ್ಟಿಲು ಹತ್ತಿ ಕಂಪ್ಯೂಟರಿನ ವೈರು ಕಿತ್ತರು. ಒದ್ದೆ ಕೈ ಒರೆಸಿಕೊಂಡು, ತಮ್ಮ ಹಳೆಯ ರೆಕಾರ್ಡಿನಲ್ಲಿ ಅದೇ ವಿರಹಗೀತೆ ಮತ್ತೆ ಹಾಕಿದರು. ಪೇಟೆಗೆ ಪೇಟೆಯೇ ಗಂಟಲು ಬಿಚ್ಚಿ ಹಾಡಿತು. ಐಸ್ ಗಾಡಿಯವನೂ ಗಾಡಿ ನಿಲ್ಲಿಸಿ ಹಾಡಿದ. ಎಂಥಾ ಬೆಳಗು ಅದು!

ಅಂದೇ ಅಧ್ಯಕ್ಷರು ಕೋಣೆಯ ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಕಂಪ್ಯೂಟರು ಈಗ ಸಂಘದ ಕಚೇರಿಯಲ್ಲಿದೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಮಲ್ಸುನ್ ಗಟ್ಟಿಯಾಗಿ ನಗುತ್ತಾರೆ. "ಹಾಡು ಹಾಕೋಕೆ ಯಾರಾದ್ರೂ ಬರ್ಲಿ, ಬೇಡ ಅನ್ನಲ್ಲ. ನಿಲ್ಲಿಸೋಕೆ ಮಾತ್ರ ನನ್ನೇ ಕರೀಬೇಕು!"