ಚಾಮರಾಜಪೇಟೆಯಲ್ಲಿ ಆವಿಯಾಗದ ನೀರು

೧೯೯೮ರ ಏಪ್ರಿಲ್. ಆಗ ನಾನು ಹವಾಮಾನ ಉಪಕರಣಗಳ ತಪಾಸಣಾಧಿಕಾರಿ. ಬೆಂಗಳೂರು ಸುತ್ತಮುತ್ತಲ ವೀಕ್ಷಣಾ ಕೇಂದ್ರಗಳಿಂದ ಬರುವ ಅಂಕಿಗಳನ್ನು ನೋಡಿ ಸರಿ, ತಪ್ಪು ಹೇಳುವುದು ನನ್ನ ಕೆಲಸ. ತಪ್ಪು ಹುಡುಕುವುದರಲ್ಲಿ ನನ್ನಷ್ಟು ಚುರುಕು ಇನ್ನೊಬ್ಬರಿಲ್ಲ ಎಂಬ ಜಂಬವೂ ಇತ್ತು.

ಚಾಮರಾಜಪೇಟೆಯ ಹಳೆಯ ಕಚೇರಿಯೊಂದರ ಹಿತ್ತಲಲ್ಲಿ ನಮ್ಮದೊಂದು ಆವಿಮಾಪಕ ಇತ್ತು. ಹೆಸರು ದೊಡ್ಡದು, ವಸ್ತು ಸರಳ: ನಾಲ್ಕಡಿ ಅಗಲ, ಹತ್ತಿಂಚು ಆಳದ ಲೋಹದ ತೊಟ್ಟಿ, ಮೇಲೆ ತಂತಿ ಜಾಲರಿ, ಒಳಗೆ ನೆಟ್ಟಗೆ ನಿಂತ ಒಂದು ಮುಳ್ಳು. ಮುಳ್ಳಿನ ತುದಿಯವರೆಗೆ ನೀರು ತುಂಬಿಸುವುದು. ಮರುದಿನ ಬೆಳಿಗ್ಗೆ ಎಂಟೂವರೆಗೆ ಎಷ್ಟು ಇಳಿದಿದೆ ಎಂದು ಅಳೆದು ಮತ್ತೆ ತುಂಬಿಸುವುದು. ಇಳಿದದ್ದೇ ಆವಿಯಾದ ನೀರು. ನೀರು ಆವಿಯಾಗಲು ಕುದಿಯಲೇಬೇಕೆಂದಿಲ್ಲ. ಬಿಸಿಲು, ಗಾಳಿ, ಒಣ ಹವೆ ಇದ್ದರೆ ಮೇಲ್ಪದರದಿಂದ ಸದ್ದಿಲ್ಲದೆ ಎದ್ದುಹೋಗುತ್ತದೆ. ಹೋಗುವಾಗ ಉಳಿದ ನೀರಿನ ಬಿಸಿಯನ್ನೂ ಕೊಂಡೊಯ್ಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಅದಕ್ಕೇ. ಸಮುದ್ರ, ಕೆರೆ, ಗಿಡಮರಗಳಿಂದ ಹೀಗೆ ಎದ್ದದ್ದೇ ಮೋಡವಾಗಿ, ಮಳೆಯಾಗಿ ನಮಗೆ ಮರಳುತ್ತದೆ. ಕೆರೆಯ ನೀರು ಎಷ್ಟು ದಿನ ಬಾಳುತ್ತದೆ, ಬೆಳೆಗೆ ಎಷ್ಟು ಹಾಯಿಸಬೇಕು ಎಂದು ಅಂದಾಜು ಮಾಡಲು ಇಂಥ ತೊಟ್ಟಿಗಳ ಅಳತೆ ಬೇಕು.

ಅಲ್ಲಿನ ವೀಕ್ಷಕ ಚಿಕ್ಕಣ್ಣ. ದಿನಾ ಬಿನ್ನಿಪೇಟೆಯಿಂದ ನಡೆದೇ ಬರುತ್ತಿದ್ದರು. ಒಂಬತ್ತು ವರ್ಷ ದಿನಗೂಲಿಯಲ್ಲಿ ದುಡಿದವರು. ಆ ತಿಂಗಳ ಕೊನೆಗೆ ಅವರ ಕೆಲಸ ಕಾಯಂ ಮಾಡುವ ಕಡತ ನನ್ನ ಮೇಜಿಗೆ ಬಂತು. ನಾನು ಒಂದು ಒಳ್ಳೆಯ ಮಾತು ಬರೆದರೆ ಸಾಕಿತ್ತು. ಬರೆಯುವ ಮುನ್ನ ಅವರ ಏಪ್ರಿಲ್ ಪುಸ್ತಕ ತೆರೆದೆ, ತಲೆ ಕೆಟ್ಟುಹೋಯಿತು. ದಿನಕ್ಕೆ ಏಳೆಂಟು ಮಿಲಿಮೀಟರ್ ಇಳಿಯಬೇಕಾದ ಬಿರುಬೇಸಿಗೆಯಲ್ಲಿ ಎರಡು, ಒಂದು, ಎರಡು! ನಡುವೆ ಮೂರು ಸೊನ್ನೆ ಬೇರೆ! ಈ ಮನುಷ್ಯ ಮನೆಯಲ್ಲಿ ಕೂತು ಬರೆಯುತ್ತಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಕರೆಸಿ ಕೂಗಾಡಿದೆ.

"ಸೊನ್ನೆ ಹೇಗ್ರೀ ಬಂತು? ನನ್ನ ಕಣ್ಣಿಗೇ ಮಣ್ಣೆರಚ್ತೀರಾ?"

"ಸಾರ್, ಆ ಮೂರು ದಿನ ನೀರು ಮುಳ್ಳಿಗಿಂತ ಮೇಲೇ ಇತ್ತು. ಮಳೆ ಇಲ್ದೆ ನೀರು ಜಾಸ್ತಿಯಾಯ್ತು ಅಂತ ಬರೆದ್ರೆ ನೀವು ನಂಬ್ತಿದ್ರಾ? ಅದಕ್ಕೇ ಸೊನ್ನೆ ಬರೆದೆ."

"ಅಂದ್ರೆ ಸುಳ್ಳು ಬರೆದ್ರಿ."

ಅವರು ತಲೆ ತಗ್ಗಿಸಿದರು. "ಹೌದು ಸಾರ್. ಆ ಮೂರು ಮಾತ್ರ. ಮಿಕ್ಕಿದ್ದೆಲ್ಲ ದೇವರಾಣೆ ಅಳೆದೇ ಬರೆದಿದ್ದು."

ನಾನು ನಂಬಲಿಲ್ಲ. 'ಕಾಯಂಗೊಳಿಸಲು ಅರ್ಹರಲ್ಲ' ಎಂದು ಕರಡು ಬರೆದೆ. ಸಹಿ ಹಾಕುವ ಮೊದಲು ಅವರ ಕಳ್ಳಾಟವನ್ನು ಕಣ್ಣಾರೆ ಕಾಣಬೇಕೆಂಬ ಹಟ. ಮರುದಿನ ಯಾರಿಗೂ ಹೇಳದೆ ಬೆಳಿಗ್ಗೆ ಆರಕ್ಕೇ ಹೋಗಿ ಆ ಕಚೇರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತೆ.

ಆರೂವರೆಗೆ ಪಕ್ಕದ ಮನೆಯ ಕಡೆಯ ಸಣ್ಣ ಗೇಟು ಕಿರ್ರೆಂದಿತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒದ್ದೆ ಸೀರೆಯಲ್ಲಿ, ಸೊಂಟದ ಮೇಲೆ ತಾಮ್ರದ ಬಿಂದಿಗೆ ಇಟ್ಟುಕೊಂಡು ಬಂದರು. ನೇರವಾಗಿ ತೊಟ್ಟಿಯ ಬಳಿ ಹೋಗಿ, ಬಿಂದಿಗೆಯಲ್ಲಿದ್ದ ನೀರನ್ನೆಲ್ಲ ಜಾಲರಿಯ ಮೇಲಿಂದ ಸುರಿದೇಬಿಟ್ಟರು!

"ಅಯ್ಯಯ್ಯೋ, ಏನ್ ಮಾಡ್ತಿದೀರಮ್ಮಾ!" ಎಂದು ಓಡಿದೆ.

"ದೂರ ನಿಂತ್ಕೊಳಪ್ಪಾ, ಮಡೀಲಿದೀನಿ!"

ದೂರವೇ ನಿಂತು ವಿಚಾರಿಸಿದೆ. ಅವರು ಸೀತಮ್ಮ, ಯುಗಾದಿ ಮುಗಿಸಿ ಮಗಳ ಮನೆಗೆ ಬಂದವರು. ನಿನ್ನೆಯ ಮಡಿನೀರು ಇವತ್ತಿನ ಪೂಜೆಗೂ ಅಡುಗೆಗೂ ಆಗದು. ಹಾಗಾಗಿ ದಿನಾ ಬೆಳಿಗ್ಗೆ ಬಿಂದಿಗೆ ಖಾಲಿ ಮಾಡಿ ಹೊಸ ನೀರು ಹಿಡಿಯುತ್ತಿದ್ದರು. "ಉಳಿದಿದ್ದನ್ನ ಚರಂಡಿಗೆ ಚೆಲ್ಲೋಕೆ ಮನಸ್ಸು ಬರಲ್ಲ. ಯಾರೋ ಪುಣ್ಯಾತ್ಮರು ಹಕ್ಕಿಗೆ ಅಂತ ಇಷ್ಟು ದೊಡ್ಡ ತೊಟ್ಟಿ ಇಟ್ಟಿದಾರೆ. ನೀರು ಇಳಿದ್ರೆ ಪಾಪ, ಜಾಲರಿ ಮೇಲಿಂದ ಕೊಕ್ಕು ಎಟುಕಲ್ಲ."

ಆ ತೊಟ್ಟಿಯಲ್ಲಿ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು. ಬಿಂದಿಗೆಯಲ್ಲಿ ಆರೇಳು ಲೀಟರ್ ಉಳಿದಿದ್ದರೆ ಐದಾರು ಮಿಲಿಮೀಟರ್ ಆಯಿತು. ಏಳೆಂಟರಲ್ಲಿ ಅಷ್ಟು ಕಳೆದರೆ ಉಳಿಯುವುದು ಚಿಕ್ಕಣ್ಣ ಬರೆದಷ್ಟೇ. ಹಾಗಾದರೆ ಆ ಮೂರು ದಿನ? ಅದಕ್ಕೂ ಅಜ್ಜಿಯೇ ಉತ್ತರ ಕೊಟ್ಟರು. ರಾಮನವಮಿ ಮತ್ತು ಎರಡು ಏಕಾದಶಿಗಳಂದು ಉಪವಾಸ; ಅಡುಗೆಯಿಲ್ಲದ್ದರಿಂದ ಬಿಂದಿಗೆ ತುಂಬ ನೀರು ಉಳಿದಿತ್ತಂತೆ. ಪುಸ್ತಕದ ಸೊನ್ನೆಗಳು ಕೂತಿದ್ದು ಸರಿಯಾಗಿ ಅವುಗಳ ಮರುದಿನ. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಸದ್ಯ, ಸಹಿ ಹಾಕಿರಲಿಲ್ಲ!

ವಿಷಯ ತಿಳಿದು ಸೀತಮ್ಮನವರ ಮುಖ ಸಣ್ಣದಾಯಿತು. "ಅಯ್ಯೋ, ಹಕ್ಕಿಗೆ ನೀರು ಹಾಕೋಕೆ ಹೋಗಿ ಒಬ್ರ ಅನ್ನ ಕಿತ್ಕೋತಿದ್ನಲ್ಲಪ್ಪಾ!"

ಎಂಟೂಕಾಲಿಗೆ ಚಿಕ್ಕಣ್ಣ ಬಂದರು. ನನ್ನನ್ನು ಕಂಡು ಬೆಚ್ಚಿ ನಿಂತರು. ಎಲ್ಲವನ್ನೂ ಹೇಳಿ, "ನಿಮ್ಮ ಕಡತಕ್ಕೆ ಇವತ್ತೇ ಸಹಿ ಹಾಕ್ತೀನಿ" ಎಂದೆ. ಅವರು ತೊಟ್ಟಿಯ ಪಕ್ಕದಲ್ಲೇ ಕುಸಿದು ಕೂತು, ನಗುತ್ತಾ ನಗುತ್ತಾ ಅತ್ತುಬಿಟ್ಟರು. ನನ್ನ ಕಣ್ಣೂ ಒದ್ದೆಯಾಯಿತು. ಆ ಸಂಜೆ ಮಾರ್ಕೆಟ್ಟಿನಿಂದ ಒಂದು ಅಗಲ ಬಾಯಿಯ ಮಣ್ಣಿನ ಬಾನಿ ತಂದು ಸೀತಮ್ಮನವರ ಮನೆಯ ಅಂಗಳದಲ್ಲಿ ಇರಿಸಿದೆವು. ಕರಡು ಹರಿದು ಹಾಕಿದೆ. ಮೂರು ಸೊನ್ನೆಗಳನ್ನು ಹೊಡೆದು ಹಾಕಿ, ಪಕ್ಕದಲ್ಲಿ ಕಾರಣ ಬರೆದು ಇಬ್ಬರೂ ಸಹಿ ಮಾಡಿದೆವು.

ಚಿಕ್ಕಣ್ಣ ತಪ್ಪು ಮಾಡಿದ್ದು ನಿಜ: ಕಂಡದ್ದನ್ನು ಬಿಟ್ಟು, ನಾನು ನಂಬುವಂಥದ್ದನ್ನು ಬರೆದರು. ಆದರೆ ಹಾಗೆ ಬರೆಯುವಷ್ಟು ಅವರನ್ನು ಹೆದರಿಸಿಟ್ಟವನು ನಾನು. ನಿವೃತ್ತಿಯಾಗುವವರೆಗೂ ಪ್ರತಿ ಹೊಸ ವೀಕ್ಷಕರಿಗೆ ನಾನು ಮೊದಲು ಹೇಳುತ್ತಿದ್ದ ಮಾತು ಇಷ್ಟೇ: "ನಂಬೋದು ಬಿಡೋದು ನನ್ನ ತಲೆನೋವು. ನೀವು ಕಂಡಿದ್ದನ್ನ ಬರೀರಿ."